ಅಪ್ಪ ಅಳೋದನ್ನ ಎಲ್ಲೆ ಬರದಾರ?

ಈ ಸಲ ಪಂಚಮಿಗೆ ಉಂಡಿ ಕಟ್ಟಲಿಕ್ಕೆ ಕೂತಾಗ ನಮ್ಮ ವೈನಿ 'ಕೆರೆಗೆ ಹಾರ' ಹಾಡಿದ್ರು. ಕಥಿ ನಿಮಗೆಲ್ಲಾರಿಗೂ ಗೊತ್ತದ. ಕಲ್ಲನಕೇರಿ ಮಲ್ಲನಗೌಡ ಕೆರಿ ಕಟ್ಟಿಸ್ತಾನ, ಹನಿ ನೀರು ಬರೂದಿಲ್ಲ, ಕಿರಿಸೊಸಿ ಭಾಗೀರಥೀನ ಹಾರ ಕೊಡೂದು ಅಂತ ಮನ್ಯಾಗ ನಿಶ್ಚಯ ಆಗ್ತದ. ಆಕಿ ತವರಿಗೆ ಹೋಗ್ತಾಳ. ಆದ್ರ ಅಪ್ಪನ ಮುಂದ ಖರೇ ಹೇಳೂದಿಲ್ಲ. ಅತ್ತಿ ಮಾವ ನಮ್ಮನ್ನ ಬ್ಯಾರೆ ಇಡ್ತಾರ ಅಂತ ಸುಳ್ಳು ಹೇಳ್ತಾಳ. ಅದಕ್ಕ ಅಪ್ಪ ಹೊಲಾ ಮನಿ ಕೊಡೂ ಮಾತಾಡ್ತಾನ. ಅಷ್ಟ. ಖರೇ ಸಂಗತಿ ಆಕಿ ಹೇಳಿಕೊಳ್ಳೂದು ಗೆಳತಿ ಮುಂದ.

ಸಣ್ಣಾಕಿದ್ದಾಗ ಆ ಅಪ್ಪನ ಮ್ಯಾಲ ನನಗ ಭಾಳ ಸಿಟ್ಟು. ಮಗಳ ಮಾರಿ ನೋಡಿದ್ರ ತಿಳೀಬಾರದ? ಈಗ ಅಷ್ಟು ಸಿಟ್ಟಿಲ್ಲ. ಹೊಲಾ ಮನಿ ಕೊಡೂದೊಂದ ಅವಗ ಗೊತ್ತಿದ್ದ ಪ್ರೀತಿ. ಈ ಹಾಡು ಕಟ್ಟಿದಾವ್ರು ಹೆಣ್ಣುಮಕ್ಕಳ ಇರಬೇಕು ನೋಡ್ರಿ, ತವರಿನ ಅಪ್ಪನ್ನ ಇಷ್ಟು ಬಲ್ಲಾವ್ರು ಮತ್ಯಾರು?

ಹಂಪಿಯ ರಾಘವಾಂಕ ಸುಮಾರು 800 ವರ್ಷದ ಹಿಂದ ಬರದ 'ಹರಿಶ್ಚಂದ್ರ ಕಾವ್ಯ'ದಾಗ ಇನ್ನೊಬ್ಬ ಅಪ್ಪ ಇದ್ದಾನ. ಹಾವು ಕಡದು ಸತ್ತ ಲೋಹಿತಾಶ್ವನ್ನ ಹೊತಗೊಂಡು ಚಂದ್ರಮತಿ ರಾತ್ರ್ಯಾಗ ಕಾಶಿ ಸುಡುಗಾಡಿಗೆ ಬರ್ತಾಳ. ಕಾವಲಕ್ಕ ನಿಂತಾಂವ ಆ ಕೂಸಿನ ಅಪ್ಪನ. ಮೊದಲು ಗುರುತು ಹತ್ತೂದಿಲ್ಲ. ಹತ್ತಿದ ಮ್ಯಾಲ ದುಃಖಾ ಪಡ್ತಾನ ಖರೆ, ಆದ್ರ ಸುಡುಗಾಡದ ತೆರಿಗಿ ಬಿಡೂದಿಲ್ಲ, ಅದು ಒಡೆಯನ ರೊಕ್ಕ ಅಂತ. ಪಿಯುಸಿಯೊಳಗ ನಮ್ಮ ಸರ್ ಇದನ್ನ ಸತ್ಯದ ದೊಡ್ಡಸ್ತನ ಅಂತ ಹೇಳಿಕೊಟ್ರು. ನಾವು ಹುಡುಗ್ಯಾರು ಮಾತ್ರ ಚಂದ್ರಮತಿ ಅಳೂ ಭಾಗ ಓದಿ ಅತ್ತಿದ್ವಿ. ತಾಯಿಗೆ ಅಳು, ತಂದಿಗೆ ಕರ್ತವ್ಯ, ಹಿಂಗ ಪಾಲು ಮಾಡಿಟ್ಟಾರೇನೋ ಅನಸ್ತಿತ್ತು.

ಆ ಪಾಲು ತಪ್ಪಿಸಿದಾವ್ರು, ನನಗ ಕಂಡ ಮಟ್ಟಿಗೆ, ನಮ್ಮ ಧಾರವಾಡದ ಬೇಂದ್ರೆ ಅಜ್ಜಾರು. 'ನೀ ಹೀಂಗ ನೋಡಬ್ಯಾಡ ನನ್ನ' ಹಾಡು ನಿಮಗೂ ಬರ್ತದ. ಭಾಳ ಮಂದಿ ಅದನ್ನ ಗಂಡ ಹೆಂಡತಿ ಸರಸದ ಹಾಡು ಅಂತ ತಿಳಕೊಂಡಾರ. ಒಂದು ಮದವ್ಯಾಗೂ ಹಾಡಿದ್ದ ಕೇಳೇನಿ, ಏನ್ ಹೇಳೂದು! ಅದು ಕೂಸು ಹೋದ ಮನಿ ಹಾಡು. ಬೇಂದ್ರೆಯವರು ಸ್ವತಃ ಮಕ್ಕಳನ್ನ ಕಳಕೊಂಡ ತಂದಿ. ಅದರಾಗಿನ ಅಪ್ಪ ಧೈರ್ಯಾ ಹೇಳೂದಿಲ್ಲ, ಶಾಸ್ತ್ರಾ ಹೇಳೂದಿಲ್ಲ. ಹೆಂಡತಿ ನೋಟಾ ತಡಕೊಳ್ಳಲಿಕ್ಕೆ ಆಗವಲ್ತು ಅವಗ. ಅದನ್ನ ಅಂವ ಪುಸ್ತಕದ ಭಾಷಾದಾಗ ಅಲ್ಲ, ನಮ್ಮ ಪಡಸಾಲ್ಯಾಗಿನ ಮಾತಿನ್ಯಾಗ ಹೇಳ್ತಾನ.

ರೇಡಿಯೋದಾಗ ಆ ಹಾಡು ಬಂದಾಗೆಲ್ಲಾ ನಮ್ಮಪ್ಪ ಎದ್ದು ಹೊರಗ ಹೋಗ್ತಿದ್ದ. ನನಗ ಎಂಟು ವರ್ಷ ಇದ್ದಾಗ ಮೂರು ತಿಂಗಳ ತಮ್ಮ ತೀರಿಕೊಂಡ. ಮನಿ ತುಂಬ ಹೆಣಮಕ್ಕಳು ಅವ್ವನ್ನ ಹಿಡಕೊಂಡು ಅಳ್ತಿದ್ರು. ಅಪ್ಪಾ ಹಿತ್ತಲದಾಗಿದ್ದ. ಕಲ್ಲಿನಂಥಾ ಮನಷ್ಯಾ ಅಂತ ನಮ್ಮ ಮೌಶಿ ಅಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ಅದನ್ನ ನಾನೂ ಭಾಳ ವರ್ಷ ನಂಬಿದೆ.

ಅಪ್ಪಾ ಹೋಗಿ ಈಗ ಹನ್ನೊಂದು ವರ್ಷ. ವೈನಿ ಹಾಡು ಮುಗಿಸಿದ ಮ್ಯಾಲ ಅವ್ವನ್ನ ಕೇಳಿದೆ, ಅವತ್ತು ಹಿತ್ತಲದಾಗ ಅಪ್ಪಾ ಏನ್ ಮಾಡ್ತಿದ್ದಾ ಅಂತ. ಅವ್ವ ಉಂಡಿ ಕಟ್ಟೂದು ನಿಲ್ಲಸಲಿಲ್ಲ.

"ಕಟಗಿ ಒಡೀತಿದ್ರು. ಮೂರು ದಿನ ಒಡದ್ರು. ಮುಂದಿನ ಪಂಚಮಿ ತನಕ ನಾ ಅದನ್ನ ಉರಿಸೇನಿ" ಅಂದ್ಲು.