ಹೇರು, ಹಡಗು ಮತ್ತು ಅಯ್ಯಾವೊಳೆಯ ಐನೂರ್ವರು

ಮಧ್ಯಕಾಲೀನ ದಕ್ಷಿಣ ಭಾರತದ ವಣಿಕಸಂಘಗಳಲ್ಲಿ ಅಯ್ಯಾವೊಳೆಯ ಐನೂರ್ವರದು ಅಗ್ರಸ್ಥಾನ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ತಮ್ಮ ಮೂಲನೆಲೆಯೆಂದು ಹೇಳಿಕೊಂಡ ಈ ವರ್ತಕರ ಶಾಸನಗಳು ಕನ್ನಡ, ತಮಿಳು, ತೆಲುಗು ನಾಡುಗಳಲ್ಲಿ ಮಾತ್ರವಲ್ಲದೆ ಶ್ರೀಲಂಕಾ ಹಾಗೂ ಸುಮಾತ್ರಗಳಲ್ಲಿಯೂ ದೊರೆತಿವೆ. ಸಾಹಿತ್ಯದ ವಿದ್ಯಾರ್ಥಿಗಳು ಇವನ್ನು ಹೆಚ್ಚಾಗಿ ಪ್ರಶಸ್ತಿಭಾಗದ ಗದ್ಯಸೊಗಸಿಗಾಗಿ ಓದುತ್ತಾರೆ. ದೇಶದೇಶಗಳ ನಡುವಿನ ಈ ವ್ಯಾಪಾರ ಯಾವುದರ ಬಲದಿಂದ ನಡೆಯಿತೆಂದು ತಿಳಿಯಲು ಪ್ರಶಸ್ತಿಯ ಜೊತೆಗೆ ಅದರ ಕೆಳಗಿನ ದತ್ತಿಯ ಸಾಲುಗಳನ್ನೂ ಓದಬೇಕಾಗುತ್ತದೆ.

ಪ್ರಶಸ್ತಿಗಳು 18 ಪಟ್ಟಣ, 32 ವೇಳಾಪುರ, 64 ಘಟಿಕಾಸ್ಥಾನಗಳನ್ನು ಹೆಸರಿಸುತ್ತವೆ. ಸಂಖ್ಯೆಗಳು ಸಾಂಪ್ರದಾಯಿಕವೇ ಇರಬಹುದು. ಆದರೆ ಒಳನಾಡಿನ ಪೇಟೆಯನ್ನೂ ಕಡಲತಡಿಯ ರೇವನ್ನೂ ಒಂದೇ ಸರಪಳಿಯ ಕೊಂಡಿಗಳಾಗಿ ಎಣಿಸಿದ ದೃಷ್ಟಿ ವಾಸ್ತವವಾದುದು. ಶಿಕಾರಿಪುರ ಸೀಮೆಯ 11ನೆಯ ಶತಮಾನದ ಶಾಸನವೊಂದು ಈ ವರ್ತಕರ ಸರಕುಗಳನ್ನು ಪಟ್ಟಿಮಾಡುತ್ತದೆ: ಆನೆ, ಕುದುರೆ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ. ಆನೆ, ಕುದುರೆಗಳು ತಮ್ಮ ಕಾಲಮೇಲೆ ತಾವೇ ನಡೆದುಬರುವ ಸರಕು. ಉಳಿದವು ತೂಕದಲ್ಲಿ ಕಡಿಮೆ, ಬೆಲೆಯಲ್ಲಿ ಹೆಚ್ಚು. ಎತ್ತಿನ ಬೆನ್ನು ಹೊರಬಲ್ಲ ಭಾರವೇ ದೂರವ್ಯಾಪಾರದ ಸರಕನ್ನು ಆರಿಸುತ್ತಿತ್ತೆಂಬುದನ್ನು ಈ ಪಟ್ಟಿಯೇ ಸೂಚಿಸುತ್ತದೆ.

ದತ್ತಿಯ ಸಾಲುಗಳಲ್ಲಿ ಇದು ಇನ್ನಷ್ಟು ಸ್ಪಷ್ಟ. ಅಲ್ಲಿ ಸುಂಕ ಮತ್ತು ಆಯಗಳನ್ನು ಹಲವೆಡೆ ಹೇರು, ಹೊರೆ, ಬಂಡಿಗಳ ಲೆಕ್ಕದಲ್ಲಿ ಗೊತ್ತುಪಡಿಸಲಾಗಿದೆ. ಸಾಗಣೆಯ ಸಾಧನವೇ ತೆರಿಗೆಯ ಅಳತೆಗೋಲಾಗಿತ್ತು. ಬೆಳಗಾವಿಯ ರಟ್ಟ ಜಿನಾಲಯಕ್ಕೆ ಸಂಬಂಧಿಸಿದ 1204ರ ಶಾಸನ ಇಲ್ಲಿ ಉಲ್ಲೇಖನೀಯ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ ಈ ಶಾಸನದಲ್ಲಿ ಕೂಂಡಿ ನಾಡಿನ ಮುಮ್ಮುರಿದಂಡಗಳು, ಗುಜರಾತಿನ ಲಾಳ ವರ್ತಕರು ಮತ್ತು ಮಲೆಯಾಳ ವರ್ತಕರು ಒಟ್ಟುಗೂಡಿ ಬಸದಿಗೆ ಆಯವನ್ನು ಬಿಟ್ಟುಕೊಟ್ಟಿದ್ದಾರೆ. ಮೂರು ಸೀಮೆಗಳ ವರ್ತಕರು ಒಂದೆಡೆ ಕುಳಿತು ಒಂದು ದರಕ್ಕೆ ಒಪ್ಪಿದುದು ಧರ್ಮಕಾರ್ಯವೂ ಹೌದು, ಮಾರುಕಟ್ಟೆಯ ಶಿಸ್ತೂ ಹೌದು.

ಕಡಲಾಚೆಗೂ ಇದೇ ಶಿಸ್ತು ಸಾಗಿತ್ತು. ಸುಮಾತ್ರದ ಪಶ್ಚಿಮ ಕರಾವಳಿಯ ಬರುಸ್ ಕರ್ಪೂರಕ್ಕೆ ಹೆಸರಾದ ರೇವು. ಅದರ ಸಮೀಪದ ಲೋಬು ತುವಾದಲ್ಲಿ ದೊರೆತ 1088ರ ತಮಿಳು ಶಾಸನ ಐನೂರ್ವರದು. ಬಂದ ಹಡಗಿನ ನಾಯಕನೂ ನಾವಿಕರೂ ಕಸ್ತೂರಿಯ ಬೆಲೆಗೆ ಅನುಸಾರವಾಗಿ ಚಿನ್ನದಲ್ಲಿ ಶುಲ್ಕ ತೆರಬೇಕೆಂದು ಅದು ವಿಧಿಸುತ್ತದೆ. ದೊರೆಯ ಅಪ್ಪಣೆಗೆ ಕಾಯದೆ, ಪರನಾಡಿನ ರೇವಿನಲ್ಲಿ ವರ್ತಕರೇ ಸಭೆ ಸೇರಿ ಈ ಕಟ್ಟಳೆ ಮಾಡಿಕೊಂಡರೆಂಬುದು ಗಮನಾರ್ಹ.

ಸಾಗಣೆಗೆ ಮೂರನೆಯ ಆಧಾರ ರಕ್ಷಣೆ. ಎಱಿವೀರಪಟ್ಟಣಗಳೆಂಬ, ಆಯುಧಧಾರಿಗಳ ಕಾವಲಿದ್ದ ವರ್ತಕ ನೆಲೆಗಳು ತಮಿಳುನಾಡು, ಆಂಧ್ರ, ಶ್ರೀಲಂಕಾಗಳ ಶಾಸನಗಳಲ್ಲಿ ಕಾಣಸಿಗುತ್ತವೆ. ಹೇರನ್ನು ಇಳಿಸಲು, ಇಟ್ಟುಕೊಳ್ಳಲು ನಿರ್ಭಯವಾದ ತಾಣವಿಲ್ಲದಿದ್ದರೆ ದೂರದ ದಾರಿ ನಿರರ್ಥಕ.

ಇಂದು ಏಷ್ಯಾ, ಆಫ್ರಿಕಾಗಳ ಅಭಿವೃದ್ಧಿಶೀಲ ರಾಷ್ಟ್ರಗಳು ತಮ್ಮತಮ್ಮೊಳಗೆ ವ್ಯಾಪಾರ ಹೆಚ್ಚಿಸಿಕೊಳ್ಳಲು ಸುಂಕ ಇಳಿಸುವ ಒಪ್ಪಂದಗಳನ್ನು ಮಾಡಿಕೊಳ್ಳುತ್ತಿವೆ. ಆಫ್ರಿಕಾ ಖಂಡದ ಮುಕ್ತ ವ್ಯಾಪಾರ ವಲಯದಲ್ಲಿ ವಹಿವಾಟು ವಿಧ್ಯುಕ್ತವಾಗಿ ಆರಂಭವಾದುದು 2021ರಲ್ಲಿ. ಆದರೆ ರಸ್ತೆ, ಬಂದರು, ಗೋದಾಮುಗಳಿಲ್ಲದ ಕಡೆ ಇಳಿದ ಸುಂಕದ ಲಾಭ ದಾರಿಯ ವೆಚ್ಚದಲ್ಲಿಯೇ ಕರಗುತ್ತದೆ. ಹೇರನ್ನು ಅಳತೆಯಾಗಿಸಿಕೊಂಡಿದ್ದ ಐನೂರ್ವರಿಗೆ ಈ ಮಾತು ಹೊಸದಾಗಿ ಕೇಳಿಸುತ್ತಿರಲಿಲ್ಲ. ಪ್ರಶಸ್ತಿಯ ವೈಭವಕ್ಕೆ ಮನಸೋತ ಓದುಗನು ದತ್ತಿಯ ಒಣ ಲೆಕ್ಕವನ್ನು ಬಿಟ್ಟುಬಿಟ್ಟರೆ, ಆ ವೈಭವವನ್ನು ಹೊತ್ತು ತಂದ ಎತ್ತುಗಳನ್ನೇ ಮರೆತಂತಾಗುತ್ತದೆ.