ರೂಪಾಯಿಗೆ ಒಂದಾಣೆ: ಕರ್ನಾಟಕದಲ್ಲಿ ಶಾಲಾ ಉಪಕರ ನಡೆದುಬಂದ ದಾರಿ

ಊರಿನ ಶಾಲೆಯ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಕನ್ನಡ ನಾಡಿನ ಆಡಳಿತಗಳು ಕಳೆದ ಇನ್ನೂರು ವರ್ಷಗಳಲ್ಲಿ ಬೇರೆಬೇರೆ ಉತ್ತರಗಳನ್ನು ಕೊಟ್ಟಿವೆ. ಮೊದಲು ಪಾಲಕರು, ಆಮೇಲೆ ಊರಿನ ರೈತರು, ಆ ನಂತರ ಜಿಲ್ಲಾ ಮಂಡಳಿ, ಕೊನೆಗೆ ರಾಜ್ಯ ಮತ್ತು ಕೇಂದ್ರ ಸರ್ಕಾರಗಳು ಈ ಹೊರೆಗೆ ಹೆಗಲು ಕೊಟ್ಟಿವೆ. ಈ ಪಯಣದುದ್ದಕ್ಕೂ ಕಾಣಸಿಗುವ ಒಂದು ಸಾಧನ ಉಪಕರ. ಭೂಕಂದಾಯ, ಮನೆ ಕಂದಾಯ ಅಥವಾ ಆದಾಯ ತೆರಿಗೆಯಂಥ ಮೂಲ ತೆರಿಗೆಯ ಮೇಲೆ, ಅದರ ಇಂತಿಷ್ಟು ಅಂಶವೆಂದು ಲೆಕ್ಕಹಾಕಿ, ಗೊತ್ತುಪಡಿಸಿದ ಒಂದೇ ಉದ್ದೇಶಕ್ಕಾಗಿ ಎತ್ತುವ ಹಣಕ್ಕೆ ಈ ಹೆಸರು. ಜನರ ಬಾಯಲ್ಲಿ ಅದು ಸೆಸ್. ಉಪಕರ ಹುಟ್ಟಿದ್ದು ಸ್ಥಳೀಯವಾಗಿ, ಸ್ಥಳೀಯ ಶಾಲೆಗಾಗಿ. ಕಾಲ ಕಳೆದಂತೆ ಅದು ಉಳಿದುಕೊಂಡಿತು, ಸ್ಥಳೀಯತೆ ಮಾತ್ರ ಕರಗಿತು. ಹಾಗೆ ಕರಗಿದ್ದರಿಂದ ಹಳ್ಳಿಗೆ ಲಾಭವೂ ಆಗಿದೆ ಎಂಬುದನ್ನು ಮರೆತು ಈ ಇತಿಹಾಸವನ್ನು ಬರೆದರೆ ಅದು ಅರ್ಧ ಸತ್ಯವಾಗುತ್ತದೆ.

ಉಪಕರಕ್ಕೂ ಮುಂಚಿನ ಏರ್ಪಾಡು ಕೂಲಿಮಠ. ಐಗಳು ತಮ್ಮ ಮನೆಯ ಜಗುಲಿಯಲ್ಲೋ ಗುಡಿಯ ಕಟ್ಟೆಯಲ್ಲೋ ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಪಾಲಕರು ದವಸವನ್ನೋ ಒಂದಿಷ್ಟು ಕಾಸನ್ನೋ ಕೊಡುತ್ತಿದ್ದರು. ಥಾಮಸ್ ಮನ್ರೊ ಮದ್ರಾಸ್ ಪ್ರಾಂತದ ಗವರ್ನರನಾಗಿದ್ದಾಗ 1822ರಲ್ಲಿ ನಡೆಸಿದ ವಿಚಾರಣೆಗೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮರುವರ್ಷ ಕಳುಹಿಸಿದ ವರದಿಯಲ್ಲಿ, ಒಂಬತ್ತು ಲಕ್ಷಕ್ಕೂ ಮಿಕ್ಕ ಜನರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂಬ ಲೆಕ್ಕವಿದೆ. ಹಿಂದಿನ ಅರಸರ ಕಾಲದಲ್ಲಿ ವಿದ್ಯೆಗೆ ಸಿಗುತ್ತಿದ್ದ ಆಶ್ರಯ ಕಂಪನಿಯ ಆಡಳಿತದಲ್ಲಿ ಕುಗ್ಗಿದ್ದನ್ನೂ, ಬಡತನದಿಂದಾಗಿ ಪಾಲಕರು ಶುಲ್ಕ ಕೊಡಲಾರದೆ ಹೋದದ್ದನ್ನೂ ಕ್ಯಾಂಪ್‌ಬೆಲ್ ಮುಚ್ಚುಮರೆಯಿಲ್ಲದೆ ದಾಖಲಿಸಿದ. ಶಾಲೆ ಪಾಲಕರ ಕೈಯಲ್ಲಿರುವವರೆಗೆ ಅದು ಕೊಡಬಲ್ಲವರ ಮಕ್ಕಳಿಗಷ್ಟೇ ಎಂಬ ಮಾತಿಗೆ ಕನ್ನಡ ನಾಡಿನಿಂದ ಸಿಗುವ ಅತ್ಯಂತ ಹಳೆಯ ಅಂಕಿಸಂಖ್ಯೆಗಳಲ್ಲಿ ಇದೂ ಒಂದು.

ನೆಲದ ಕಂದಾಯಕ್ಕೆ ಶಾಲೆಯನ್ನು ಕಟ್ಟಿಹಾಕುವ ಯೋಚನೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ್ದು ಉತ್ತರ ಭಾರತದಲ್ಲಿ. ವಾಯವ್ಯ ಪ್ರಾಂತಗಳ ಲೆಫ್ಟಿನೆಂಟ್ ಗವರ್ನರ್ ಜೇಮ್ಸ್ ಥಾಮಸನ್ 1850ರ ದಶಕದ ಆರಂಭದಲ್ಲಿ ಕೆಲವು ಹಳ್ಳಿಗಳನ್ನು ಒಂದು ಹಲ್ಕಾ, ಎಂದರೆ ಒಂದು ವಲಯವೆಂದು ಗುರುತಿಸಿ, ಕಂದಾಯದ ಮೇಲೆ ನೂರಕ್ಕೆ ಒಂದರಂತೆ ಹಣ ಎತ್ತಿ ಆ ವಲಯಕ್ಕೊಂದು ಶಾಲೆ ನಡೆಸುವ ವ್ಯವಸ್ಥೆಯನ್ನು ಜಾರಿಗೆ ತಂದ. 1854ರ ವುಡ್ ಪತ್ರ ಖಾಸಗಿ ಶಾಲೆಗಳಿಗೆ ಸರ್ಕಾರ ಸಹಾಯಧನ ಕೊಡುವ ನೀತಿಯನ್ನು ರೂಪಿಸಿತು. ಆದರೆ ಹಳ್ಳಿಯ ಪ್ರಾಥಮಿಕ ಶಾಲೆಗೆ ಸಹಾಯಧನದ ದಾರಿ ಒಗ್ಗದೆಂದೂ ಅದಕ್ಕೆ ಸ್ಥಳೀಯ ಕಡ್ಡಾಯ ಕರವೇ ಸರಿಯೆಂದೂ 1859ರ ಸ್ಟ್ಯಾನ್ಲಿ ಪತ್ರ ಸೂಚಿಸಿತು. ಸ್ವತಃ ಇಂಗ್ಲೆಂಡಿನಲ್ಲಿ ಸ್ಥಳೀಯ ತೆರಿಗೆಯಿಂದ ಶಾಲಾ ಮಂಡಳಿಗಳನ್ನು ನಡೆಸುವ ಕಾಯ್ದೆ ಬಂದದ್ದು 1870ರಲ್ಲಿ. ತಾಯ್ನಾಡಿನಲ್ಲಿ ಇನ್ನೂ ಒಪ್ಪಿಗೆ ಪಡೆಯದ ಕರವನ್ನು ವಸಾಹತಿನ ರೈತನ ಮೇಲೆ ಹನ್ನೊಂದು ವರ್ಷ ಮೊದಲೇ ಸೂಚಿಸಿದ್ದು ಆ ಕಾಲದ ಆಡಳಿತಕ್ಕೆ ವಿಚಿತ್ರವಾಗಿ ಕಾಣಲಿಲ್ಲ.

ಕನ್ನಡ ಜಿಲ್ಲೆಗಳಲ್ಲಿ ಈ ಕರದ ನಿಜವಾದ ಚರಿತ್ರೆ ಶುರುವಾಗುವುದು ಮುಂಬಯಿ ಪ್ರಾಂತದಲ್ಲಿ. 1863ರ ಹೊತ್ತಿಗೆ ಅಲ್ಲಿ ಭೂಕಂದಾಯದ ಮೇಲೆ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡ್ ಉಪಕರ ಹೇರಲಾಯಿತು. 1869ರ ಕಾಯ್ದೆ ಅದಕ್ಕೆ ಶಾಸನದ ಬಲ ಕೊಟ್ಟಿತು. ಬಂದ ಹಣದ ಮೂರರಲ್ಲಿ ಎರಡು ಪಾಲು ರಸ್ತೆ, ಬಾವಿಗಳಂಥ ಕೆಲಸಗಳಿಗೆ, ಒಂದು ಪಾಲು ಶಾಲೆಗೆ ಎಂಬುದು ನಿಯಮ. ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳೂ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿದ ಉತ್ತರ ಕನ್ನಡವೂ ಇದರ ವ್ಯಾಪ್ತಿಗೆ ಬಂದವು. ಒಂದಾಣೆಯ ಮೂರನೆಯ ಒಂದು ಪಾಲು ಎಂದರೆ ಕಂದಾಯದ ರೂಪಾಯಿಗೆ ನಾಲ್ಕು ಕಾಸು. ಚಿಕ್ಕ ಮೊತ್ತವಾದರೂ ಅದು ವರ್ಷ ತಪ್ಪದೆ ಬರುವ ಹಣವಾದ್ದರಿಂದ ಮೇಷ್ಟರ ಸಂಬಳವನ್ನು ನಂಬಿಕೆಯಿಂದ ಗೊತ್ತುಮಾಡಬಹುದಾಯಿತು. ಮರಾಠಿಯೇ ಮೇಲುಗೈ ಸಾಧಿಸಿದ್ದ ಆ ಭಾಗದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯಲ್ಲಿದ್ದುಕೊಂಡು ಕನ್ನಡ ಶಾಲೆಗಳನ್ನು ಬೆಳೆಸಿದ ಕಾಲ ಇದೇ ಒಂದಾಣೆಯ ಕಾಲ. ಅವರ ಭಾಷಾಭಿಮಾನವನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯುತ್ತಾರೆ. ಆ ಶಾಲೆಗಳ ಹಿಂದಿದ್ದ ಒಕ್ಕಲಿನ ಕಾಸನ್ನು ನೆನೆಯುವವರು ಕಡಿಮೆ.

ಈ ವ್ಯವಸ್ಥೆಯ ದೋಷ ಬೇಗನೆ ಬಯಲಾಯಿತು. ಕರ ಬೀಳುತ್ತಿದ್ದುದು ಉಳುಮೆಯ ನೆಲದ ಮೇಲೆ. ಪೇಟೆಯ ವರ್ತಕನೂ ವಕೀಲನೂ ಈ ಬಾಬಿನಲ್ಲಿ ಕೊಡುತ್ತಿದ್ದುದು ಇಲ್ಲವೆನ್ನುವಷ್ಟು. ಹಾಗಿದ್ದರೂ ಒಳ್ಳೆಯ ಕಟ್ಟಡ, ಹೆಚ್ಚು ಸಂಬಳದ ಮೇಷ್ಟರು ಸಿಗುತ್ತಿದ್ದುದು ಪೇಟೆಗೆ. 1882ರ ಹಂಟರ್ ಆಯೋಗ ಪ್ರಾಥಮಿಕ ಶಿಕ್ಷಣವನ್ನು ಜಿಲ್ಲಾ ಮಂಡಳಿಗಳಿಗೂ ಪುರಸಭೆಗಳಿಗೂ ಒಪ್ಪಿಸಬೇಕೆಂದು ಹೇಳಿದಾಗ, ಹಳ್ಳಿಯ ಹಣವನ್ನು ಪಟ್ಟಣ ನುಂಗದಂತೆ ಎರಡರ ಶಾಲಾ ನಿಧಿಗಳನ್ನೂ ಬೇರೆಬೇರೆ ಇಡಬೇಕೆಂದೂ ಸಲಹೆ ಮಾಡಿತು. ಆಯೋಗದ ಉದ್ದನೆಯ ಶಿಫಾರಸುಗಳ ಪಟ್ಟಿಯಲ್ಲಿ ಹಳ್ಳಿಯ ಪಾಲಿಗೆ ಇದಕ್ಕಿಂತ ತೂಕದ ಮಾತು ಇನ್ನೊಂದಿಲ್ಲ. ಆದರೆ ನಿಧಿಗಳನ್ನು ಬೇರೆ ಮಾಡಿದರೆ ಇನ್ನೊಂದು ತೊಡಕು ಎದ್ದುಕೊಳ್ಳುತ್ತಿತ್ತು: ನೀರಾವರಿಯ ತಾಲ್ಲೂಕಿನಲ್ಲಿ ಕಂದಾಯ ಹೆಚ್ಚು, ಆದ್ದರಿಂದ ಶಾಲೆಗೂ ಹೆಚ್ಚು; ಬರದ ಸೀಮೆಯಲ್ಲಿ ಎರಡೂ ಕಡಿಮೆ.

ಮೈಸೂರು ಸಂಸ್ಥಾನದ ದಾರಿ ಸ್ವಲ್ಪ ಬೇರೆ. ಕಮಿಷನರುಗಳ ಆಡಳಿತದ ಕಾಲದಲ್ಲಿ, 1868ರಲ್ಲಿ, ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯಲ್ಲಿ ಪ್ರತಿ ಹೋಬಳಿಗೂ ಒಂದು ಶಾಲೆ, ಅದಕ್ಕೆ ಅದೇ ಸೀಮೆಯಿಂದ ಆರಿಸಿ ತರಬೇತಿ ಕೊಟ್ಟ ಮೇಷ್ಟರು, ಕಟ್ಟಡದ ಜವಾಬ್ದಾರಿ ಊರಿನವರದು ಎಂಬ ಏರ್ಪಾಡಿತ್ತು. ಸ್ಥಳೀಯ ಉಪಕರದ ಒಂದು ಪಾಲು ಹಳ್ಳಿಯ ಶಾಲೆಗಳಿಗೆ ಮೀಸಲಾಗಿತ್ತು. ಶಾಸನಗಳ ಗ್ರಂಥದಿಂದ ಹೆಸರಾದ ರೈಸ್ ಅವರ ಈ ಆಡಳಿತದ ಕೆಲಸ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಹಣದ ಜೊತೆಗೆ ಜಾಗ ಮತ್ತು ದುಡಿಮೆಯ ರೂಪದಲ್ಲೂ ಊರನ್ನು ಶಾಲೆಗೆ ಬೆಸೆಯಲು ನೋಡಿದ್ದು ಅದರ ವಿಶೇಷ.

ಮದ್ರಾಸ್ ಪ್ರಾಂತದಲ್ಲಿ 1863ರಲ್ಲೇ ಒಂದು ಶಿಕ್ಷಣ ಕಾಯ್ದೆ ಬಂದಿತ್ತು. ಊರಿನವರು ತಾವಾಗಿ ಒಪ್ಪಿದರೆ ಶಾಲೆಗಾಗಿ ಮನೆಗಳ ಮೇಲೆ ಕರ ಹಾಕಿಕೊಳ್ಳಬಹುದು ಎಂಬುದು ಅದರ ತಿರುಳು. ಒಪ್ಪಿದ ಊರುಗಳು ಬೆರಳೆಣಿಕೆಯಷ್ಟು. ಇಷ್ಟವಿದ್ದರೆ ಕೊಡುವ ತೆರಿಗೆಯ ಗತಿ ಏನೆಂಬುದು ಹೀಗೆ ಖಚಿತವಾದ ಮೇಲೆ 1871ರ ಲೋಕಲ್ ಫಂಡ್ ಕಾಯ್ದೆ ಕಡ್ಡಾಯ ಕರವನ್ನು ತಂದಿತು. 1884ರ ಸ್ಥಳೀಯ ಮಂಡಳಿಗಳ ಕಾಯ್ದೆ ಮತ್ತು 1920ರ ಮದ್ರಾಸ್ ಪ್ರಾಥಮಿಕ ಶಿಕ್ಷಣ ಕಾಯ್ದೆ ಅದನ್ನು ಮುಂದುವರಿಸಿದವು. ಕೊನೆಯದರ ಪ್ರಕಾರ ಸ್ಥಳೀಯ ಸಂಸ್ಥೆ ಶಿಕ್ಷಣ ತೆರಿಗೆ ಹಾಕಿದರೆ ಸರ್ಕಾರವೂ ತನ್ನ ಪಾಲು ಸೇರಿಸುತ್ತಿತ್ತು. ಬಳ್ಳಾರಿಯೂ, ಇಂದಿನ ಕಾಸರಗೋಡನ್ನು ಒಳಗೊಂಡಿದ್ದ ದಕ್ಷಿಣ ಕನ್ನಡವೂ ಈ ವ್ಯವಸ್ಥೆಯಲ್ಲಿ ಬೆಳೆದವು.

ಕಡ್ಡಾಯ ಶಿಕ್ಷಣದ ಕೂಗು ಎದ್ದ ಮೇಲೆ ಚರ್ಚೆಯ ಸ್ವರೂಪವೇ ಬದಲಾಯಿತು. ಗೋಪಾಲ ಕೃಷ್ಣ ಗೋಖಲೆ 1911ರಲ್ಲಿ ಕೇಂದ್ರ ಶಾಸನಸಭೆಯ ಮುಂದಿಟ್ಟ ಮಸೂದೆ, ಕಡ್ಡಾಯ ಶಿಕ್ಷಣ ಜಾರಿಗೆ ತರುವ ಸ್ಥಳೀಯ ಸಂಸ್ಥೆಗಳಿಗೆ ಶಿಕ್ಷಣ ಕರ ಹಾಕುವ ಅಧಿಕಾರ ಕೊಡಬೇಕೆಂದಿತು. ಖರ್ಚಿನ ಮೂರರಲ್ಲಿ ಎರಡು ಪಾಲನ್ನು ಸರ್ಕಾರ ಭರಿಸಬೇಕೆಂಬುದು ಅವರ ವಾದ. ಮರುವರ್ಷ ಮಸೂದೆ ಬಿದ್ದುಹೋಯಿತು. ಆದರೆ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದ ಮೈಸೂರಿನಲ್ಲಿ 1913ರಲ್ಲೇ ಪ್ರಾಥಮಿಕ ಶಿಕ್ಷಣ ಶಾಸನ ಜಾರಿಗೆ ಬಂದು, ಆಯ್ದ ಊರುಗಳಲ್ಲಿ ಕಡ್ಡಾಯ ಶಿಕ್ಷಣ ಶುರುವಾಯಿತು. 1930ರ ಶಾಸನ ಇನ್ನೂ ಮುಂದೆ ಹೋಗಿ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ಒಪ್ಪಿಸಿ, ಶಿಕ್ಷಣ ಕರಕ್ಕೂ ಅವಕಾಶ ಕೊಟ್ಟಿತು. ಕನ್ನಡ ನಾಡಿನಲ್ಲಿ ಶಾಲೆ, ತೆರಿಗೆ, ಆಡಳಿತ ಮೂರೂ ಒಂದೇ ಸ್ಥಳೀಯ ಕೈಗೆ ಬಂದ ಅಪರೂಪದ ಗಳಿಗೆ ಅದು. ಹನ್ನೊಂದು ವರ್ಷಗಳ ನಂತರ, 1941ರಲ್ಲಿ, ಸರ್ಕಾರ ಶಾಲೆಗಳನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಿತು. ಆ ಪ್ರಯೋಗಕ್ಕೆ ಹೆಚ್ಚು ಕಾಲ ಸಿಗಲಿಲ್ಲ ಎಂದು ಹಳಹಳಿಸುವುದು ಸುಲಭ. ಆದರೆ ಸಂಬಳಕ್ಕಾಗಿ ಸ್ಥಳೀಯ ಮಂಡಳಿಯ ಬೊಕ್ಕಸವನ್ನು ನೆಚ್ಚಿ ಕೂರುವ ಮೇಷ್ಟರ ದೃಷ್ಟಿಯಿಂದ ನೋಡಿದರೆ ಸರ್ಕಾರಿ ನೌಕರಿಯೇ ನೆಮ್ಮದಿಯದಾಗಿತ್ತು. ಏಕೀಕರಣದ ನಂತರ ಐದು ಆಡಳಿತಗಳಿಂದ ಬಂದ ಬಗೆಬಗೆಯ ಕಾನೂನುಗಳನ್ನು ಒಂದು ಮಾಡಲು 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದಾಗ ರಾಜ್ಯವೇ ಶಾಲೆಯ ಯಜಮಾನ ಎಂಬುದು ಇತ್ಯರ್ಥವಾದಂತಾಯಿತು.

ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದು ಪ್ರಾಥಮಿಕ ಶಾಲೆಗಳು ಅವುಗಳ ಆಡಳಿತಕ್ಕೆ ಸೇರಿದವು. ದೇಶವೇ ತಿರುಗಿ ನೋಡಿದ ಈ ವಿಕೇಂದ್ರೀಕರಣದಲ್ಲೂ ಜಿಲ್ಲೆಗೆ ತೆರಿಗೆ ಹಾಕುವ ಅಧಿಕಾರ ಸಿಗಲಿಲ್ಲ. ಜಿಲ್ಲೆಗಳಿಗೆ ಹೋಗುವ ಹಣವನ್ನು ರಾಜ್ಯದ ಬಜೆಟ್ಟಿನ ಜೊತೆಗೆ ಲಿಂಕ್ ಡಾಕ್ಯುಮೆಂಟ್ ಎಂಬ ಪ್ರತ್ಯೇಕ ಪುಸ್ತಕದಲ್ಲಿ ಬಾಬುವಾರು ಅಚ್ಚುಹಾಕಿ ಕಳುಹಿಸುವ ಪದ್ಧತಿ ಬೆಳೆಯಿತು. ಅದರಲ್ಲಿ ಶಿಕ್ಷಕರ ಸಂಬಳವೇ ದೊಡ್ಡ ಬಾಬು, ಅದನ್ನು ಜಿಲ್ಲೆ ಹಂಚಬಹುದೇ ಹೊರತು ಬದಲಿಸುವಂತಿಲ್ಲ.

ತೆರಿಗೆ ಸ್ಥಳೀಯವಾಗಿಯೇ ಉಳಿದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಅಮೆರಿಕ ಒಂದು ಉತ್ತರ. ಅಲ್ಲಿ ಶಾಲಾ ಜಿಲ್ಲೆ ಎಂಬ ಪ್ರತ್ಯೇಕ ಸ್ಥಳೀಯ ಘಟಕಕ್ಕೆ ಆಸ್ತಿ ತೆರಿಗೆಯೇ ದೊಡ್ಡ ಆಸರೆ, ಎಷ್ಟೋ ರಾಜ್ಯಗಳಲ್ಲಿ ಹೆಚ್ಚುವರಿ ಕರಕ್ಕೆ ಊರಿನವರ ಮತದಾನದ ಒಪ್ಪಿಗೆ ಬೇಕು. ಕೊಡುವವನೇ ತೀರ್ಮಾನಿಸುತ್ತಾನೆ ಎಂಬುದು ಇದರ ಸೊಗಸು. ಆದರೆ ಆಸ್ತಿಯ ಬೆಲೆ ಕಡಿಮೆಯಿರುವ ಗ್ರಾಮೀಣ ಕೌಂಟಿಗಳು ಹೆಚ್ಚು ದರದ ತೆರಿಗೆ ಕೊಟ್ಟೂ ಕಡಿಮೆ ಹಣ ಪಡೆಯುತ್ತವೆ. ಕೆಂಟಕಿ ರಾಜ್ಯದ 66 ಬಡ ಶಾಲಾ ಜಿಲ್ಲೆಗಳು ಒಟ್ಟಾಗಿ ಹೂಡಿದ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1989ರಲ್ಲಿ ರಾಜ್ಯದ ಇಡೀ ಶಾಲಾ ವ್ಯವಸ್ಥೆಯೇ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಪಾವಗಡದ ಸರ್ಕಾರಿ ಶಾಲೆಯ ಶಿಕ್ಷಕಿಗೂ ಜಯನಗರದ ಸರ್ಕಾರಿ ಶಾಲೆಯ ಶಿಕ್ಷಕಿಗೂ ಒಂದೇ ವೇತನ ಶ್ರೇಣಿ ಇರುವುದು, ಆ ಕಡೆಯಿಂದ ನೋಡಿದರೆ, ಸಣ್ಣ ಸಾಧನೆಯಲ್ಲ.

1976ರ ಸಂವಿಧಾನ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಗೆ, ಎಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಪಟ್ಟಿಗೆ, ಸೇರಿದ ಮೇಲೆ ಉಪಕರವೂ ದಿಲ್ಲಿ ಸೇರಲು ದಾರಿಯಾಯಿತು. 2004ರಲ್ಲಿ ಕೇಂದ್ರದ ತೆರಿಗೆಗಳ ಮೇಲೆ ಶೇ. 2ರ ಶಿಕ್ಷಣ ಉಪಕರ, 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೊಂದು ಶೇ. 1, 2018ರಲ್ಲಿ ಆದಾಯ ತೆರಿಗೆಯ ಮೇಲೆ ಎರಡನ್ನೂ ನುಂಗಿಕೊಂಡ ಶೇ. 4ರ ಆರೋಗ್ಯ ಮತ್ತು ಶಿಕ್ಷಣ ಉಪಕರ ಬಂದವು. ಉಪಕರದಿಂದ ಬಂದ ಹಣವನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳುವ ತೆರಿಗೆಗಳ ಮೊತ್ತಕ್ಕೆ ಸೇರಿಸುವಂತಿಲ್ಲವೆಂದು ಸಂವಿಧಾನದ 270ನೇ ವಿಧಿ ಹೇಳುತ್ತದೆ. ಆದ್ದರಿಂದ ಆ ಹಣ ಕರ್ನಾಟಕದ ಹಳ್ಳಿಗೆ ಮರಳಬೇಕಾದರೆ ಸಮಗ್ರ ಶಿಕ್ಷಣದಂಥ ಕೇಂದ್ರ ಯೋಜನೆಯ ಮೂಲಕ, ರಾಜ್ಯವೂ ಶೇ. 40ರ ಪಾಲು ಕೂಡಿಸಿದ ಮೇಲೆ, ಕೇಂದ್ರ ಹೇಳಿದ ಬಾಬಿಗೇ ಬರಬೇಕು. ಒಂದಾಣೆಯ ಕರ ಇಷ್ಟು ದೂರ ಸುತ್ತಿ ಬರುತ್ತಿರಲಿಲ್ಲ.

ದಕ್ಷಿಣ ಬೆಂಗಳೂರಿನಲ್ಲಿ ಈ ಬದಲಾವಣೆ ನೆಲದ ಮೇಲೆಯೇ ಕಾಣುತ್ತದೆ. ಬಿ.ಟಿ.ಎಂ. ಲೇಔಟಿನ ಹೆಸರಿನಲ್ಲಿ ಅಡಗಿರುವ ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ಒಂದು ಕಾಲಕ್ಕೆ ಭೂಕಂದಾಯ ಕೊಡುತ್ತಿದ್ದ ಹಳ್ಳಿಗಳು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದಿಂದ ಹಿಡಿದು ಬನಶಂಕರಿ, ಜೆ.ಪಿ. ನಗರಗಳವರೆಗೆ ಹೊಲಗದ್ದೆ ನಿವೇಶನವಾದಂತೆ ಕಂದಾಯ ಆಸ್ತಿ ತೆರಿಗೆಯಾಗಿ ಮಾರ್ಪಟ್ಟು ನಗರಪಾಲಿಕೆಯ ಪಾಲಾಯಿತು. ಆಸ್ತಿಯ ಬೆಲೆ ಹತ್ತಾರು ಪಟ್ಟು ಏರಿದರೂ ಅದರ ಬೆನ್ನಿಗೆ ಶಾಲೆಯ ಹಣ ಏರಲಿಲ್ಲ. 2008ರಲ್ಲಿ ಜಾರಿಗೆ ಬಂದ ಘಟಕ ಪ್ರದೇಶ ಮೌಲ್ಯ ಪದ್ಧತಿಯಲ್ಲಿ, ಎಂದರೆ ಬಡಾವಣೆಯ ವಲಯ ಮತ್ತು ಕಟ್ಟಡದ ಚದರಡಿಯಿಂದ ತೆರಿಗೆ ಲೆಕ್ಕಹಾಕುವ ಪದ್ಧತಿಯಲ್ಲಿ, ತೆರಿಗೆಯ ಮೇಲೆ ಶೇ. 24ರ ಉಪಕರ ಬೀಳುತ್ತಿತ್ತು: ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಈ 24ರಲ್ಲಿ ಶಾಲೆಯ ಬಾಬಿರಲಿಲ್ಲ. ಸಂವಿಧಾನದ ಹನ್ನೊಂದನೆಯ ಅನುಸೂಚಿ ಪಂಚಾಯಿತಿಗಳ ವಿಷಯಪಟ್ಟಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳನ್ನು ಸ್ಪಷ್ಟವಾಗಿ ಹೆಸರಿಸಿದರೆ, ನಗರಗಳಿಗೆ ಸಂಬಂಧಿಸಿದ ಹನ್ನೆರಡನೆಯದು ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯಾತ್ಮಕ ಅಂಶಗಳ ಉತ್ತೇಜನವೆಂದು ತೇಲಿಸಿ ಬಿಡುತ್ತದೆ. ಪಾಲಿಕೆ ತನ್ನದೇ ಕೆಲವು ಶಾಲೆ, ಕಾಲೇಜುಗಳನ್ನು ನಡೆಸಿಕೊಂಡು ಬಂದಿದ್ದರೂ ಅದು ಅದರ ಮುಖ್ಯ ಕೆಲಸವಾಗಿ ಎಂದೂ ಬೆಳೆಯಲಿಲ್ಲ.

ಈ ಬಡಾವಣೆಗಳಲ್ಲಿ ಸಾರ್ವಜನಿಕ ನೆರವು ಶಾಲೆಗೆ ತಲುಪಿದ ಬಗೆ ಬೇರೆಯದೇ ಆಗಿತ್ತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಡಾವಣೆಯ ನಕ್ಷೆಯಲ್ಲೇ ನಾಗರಿಕ ಸೌಲಭ್ಯಕ್ಕೆಂದು ಬಿಡುವ ಜಾಗಗಳು, ಜನ ಸಿ.ಎ. ಸೈಟ್ ಎನ್ನುವ ನಿವೇಶನಗಳು, ಶಿಕ್ಷಣ ಸಂಸ್ಥೆಗಳಿಗೆ ಗುತ್ತಿಗೆಗೆ ಸಿಕ್ಕವು. ತೆರಿಗೆಯ ಲೆಕ್ಕಪುಸ್ತಕದಲ್ಲಿ ಎಲ್ಲೂ ಕಾಣದ ಈ ಸಹಾಯವೇ ಬೆಂಗಳೂರಿನ ಮಟ್ಟಿಗೆ ದೊಡ್ಡ ಶಾಲಾ ಅನುದಾನವೆಂದರೆ ತಪ್ಪಾಗದು. ಉಳಿದ ಖರ್ಚನ್ನು ಪಾಲಕರ ಶುಲ್ಕ ತೂಗಿಸುತ್ತದೆ. ಆ ಮಟ್ಟಿಗೆ ನಗರದ ಮಧ್ಯಮ ವರ್ಗ ಕೂಲಿಮಠದ ಪದ್ಧತಿಗೇ ಮರಳಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಶೇ. 25 ಸೀಟುಗಳನ್ನು ಬಡ ಮಕ್ಕಳಿಗೆ ಮೀಸಲಿಟ್ಟು ಆ ಖರ್ಚನ್ನು ಸರ್ಕಾರ ತುಂಬಿಕೊಡಬೇಕೆಂದಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಈ ಸೀಟುಗಳು ಬೇಕಿಲ್ಲವೆಂದು ಕರ್ನಾಟಕ 2018ರ ಕೊನೆಯಲ್ಲಿ ನಿಯಮ ಬದಲಿಸಿದ ಮೇಲೆ ಆ ಬಾಗಿಲೂ ಬಹುಪಾಲು ಮುಚ್ಚಿತು.

ಸರ್ಕಾರಿ ಶಾಲೆಯಲ್ಲಿ ಊರಿನವರಿಗೆ ಉಳಿದಿರುವ ಜಾಗ ಎಸ್.ಡಿ.ಎಂ.ಸಿ., ಎಂದರೆ 2001ರಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿದ, ಪಾಲಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕಟ್ಟಡದ ದುರಸ್ತಿ, ಬಿಸಿಯೂಟದ ಉಸ್ತುವಾರಿಯಂಥವು ಅದರ ಕೈಯಲ್ಲಿವೆ. ಕರ ಹಾಕುವ ಅಧಿಕಾರವಿಲ್ಲ. 2022ರ ಅಕ್ಟೋಬರಿನಲ್ಲಿ ಈ ಸಮಿತಿಗಳು ಪಾಲಕರಿಂದ ತಿಂಗಳಿಗೆ 100 ರೂಪಾಯಿಯಂತೆ ದೇಣಿಗೆ ಪಡೆಯಬಹುದೆಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಉಚಿತ ಶಿಕ್ಷಣದ ಹಕ್ಕಿಗೇ ಇದು ಧಕ್ಕೆಯೆಂಬ ಟೀಕೆ ಎದ್ದು ಕೆಲವೇ ದಿನಗಳಲ್ಲಿ ಸುತ್ತೋಲೆಯನ್ನು ಹಿಂದಕ್ಕೆ ಪಡೆಯಲಾಯಿತು. ಟೀಕೆ ನ್ಯಾಯವಾದದ್ದೇ: ಕೂಲಿ ಮಾಡುವ ಪಾಲಕರ ತಲೆಯ ಮೇಲೆ ಲೆಕ್ಕಹಾಕಿದ ನೂರು ರೂಪಾಯಿಗೂ, ನೆಲವಿದ್ದವನ ಕಂದಾಯದ ಮೇಲೆ ಲೆಕ್ಕಹಾಕಿದ ಒಂದಾಣೆಗೂ ಅಜಗಜಾಂತರವಿದೆ. ಆದರೆ ಬಡಾವಣೆಯ ಆಸ್ತಿ ತೆರಿಗೆಯಲ್ಲಿ ಒಂದು ಪಾಲು ಅದೇ ಬಡಾವಣೆಯ ಸರ್ಕಾರಿ ಶಾಲೆಗೆ ಯಾಕೆ ಹೋಗಬಾರದು ಎಂಬ ಪ್ರಶ್ನೆಯನ್ನು ಆ ಗದ್ದಲದಲ್ಲಿ ಹೆಚ್ಚು ಮಂದಿ ಕೇಳಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ನಗರ ಐದು ಪಾಲಿಕೆಗಳಾಗಿ ಒಡೆದ ಮೇಲೆ ಆ ಪ್ರಶ್ನೆಗೆ ಹಂಟರ್ ಆಯೋಗದ ಕಾಲದ ತೊಡಕೂ ಬಂದು ಸೇರಿಕೊಂಡಿದೆ, ಏಕೆಂದರೆ ಐದೂ ಪಾಲಿಕೆಗಳ ಆಸ್ತಿ ತೆರಿಗೆಯ ಬಲ ಒಂದೇ ಸಮನಾಗಿಲ್ಲ.