ಗಡಿಕಲ್ಲಿನ ಆಚೀಚೆ: ಟಕೋಮಾ ಪಾರ್ಕ್

ಮೇಪಲ್ ಅವೆನ್ಯೂದ ಬದಿಯಲ್ಲಿ ಕಬ್ಬಿಣದ ಬೇಲಿಯೊಳಗೆ ಒಂದು ಗಿಡ್ಡ ಗಡಿಕಲ್ಲಿದೆ. ಅಮೆರಿಕದ ರಾಜಧಾನಿಗೆಂದು ಜಾಗ ಅಳೆದುಕೊಟ್ಟಾಗ ಮೈಲಿಗೊಂದರಂತೆ ಹುಗಿದ ಕಲ್ಲುಗಳಲ್ಲಿ ಇದೂ ಒಂದು, 1792ರದ್ದು. ಕಲ್ಲಿನ ಒಂದು ಮಗ್ಗುಲು ವಾಷಿಂಗ್ಟನ್ ಡಿ.ಸಿ., ಇನ್ನೊಂದು ಮಗ್ಗುಲು ಮೇರಿಲ್ಯಾಂಡ್ ರಾಜ್ಯ. ಅದಾದ 91 ವರ್ಷಕ್ಕೆ ಟಕೋಮಾ ಪಾರ್ಕ್ ಹುಟ್ಟಿತು, ಕಲ್ಲಿನ ಎರಡೂ ಮಗ್ಗುಲಿಗೆ.

ಹುಟ್ಟಿಸಿದವನು ಬೆಂಜಮಿನ್ ಫ್ರಾಂಕ್ಲಿನ್ ಗಿಲ್ಬರ್ಟ್ ಎಂಬ ಜಮೀನು ವ್ಯಾಪಾರಿ. 1873ರಲ್ಲಿ ಈ ಕಡೆಗೆ ರೈಲುಹಳಿ ಬಿದ್ದಿತ್ತು. ತಗ್ಗಿನಲ್ಲಿದ್ದ ರಾಜಧಾನಿಯಲ್ಲಿ ಬೇಸಿಗೆ ಬಂತೆಂದರೆ ಸೊಳ್ಳೆ, ಮಲೇರಿಯಾ. ದಿಣ್ಣೆಯ ಮೇಲೆ ನಿವೇಶನ ಮಾಡಿ, ಒಳ್ಳೆ ಗಾಳಿ, ಒರತೆ ನೀರು, ಬೆಳಿಗ್ಗೆ ರೈಲು ಹತ್ತಿ ಕಚೇರಿಗೆ ಹೋಗಿ ಎಂದು ಗುಮಾಸ್ತರಿಗೆ ಮಾರಿದರೆ ಹೇಗೆ? 1883ರಲ್ಲಿ ತೊಂಬತ್ತು ಎಕರೆ ಕೊಂಡ. ಊರಿಗೆ ಹೆಸರು ಸೂಚಿಸಿದಾಕೆ ಐಡಾ ಸಮ್ಮಿ. ದೂರದ ವಾಷಿಂಗ್ಟನ್ ರಾಜ್ಯದ ಒಂದು ಹಿಮಪರ್ವತದ ಮೂಲನಿವಾಸಿ ಹೆಸರದು. ಸ್ವರ್ಗಕ್ಕೆ ಹತ್ತಿರ ಎಂಬ ಅರ್ಥವನ್ನೂ ಅಂಟಿಸಿದರು. ರಿಯಲ್ ಎಸ್ಟೇಟಿನವರ ಭಾಷೆ ಆಗಲೂ ಹೀಗೇ ಇತ್ತು. 1890ರಲ್ಲಿ ಊರಿಗೆ ಪುರಸಭೆಯ ಮಾನ್ಯತೆ ಬಂತು. ಗಿಲ್ಬರ್ಟನೇ ಮೊದಲ ಮೇಯರ್.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರು ಮಿಷಿಗನ್‌ನಿಂದ ತಮ್ಮ ಕೇಂದ್ರ ಕಚೇರಿಯನ್ನು ಗಡಿಯ ಈ ಆಸುಪಾಸಿಗೆ ತಂದರು. 1907ರಲ್ಲಿ ಸ್ಲೈಗೊ ಹಳ್ಳದ ಮೇಲಿನ ದಿಬ್ಬದಲ್ಲಿ ಆರೋಗ್ಯಧಾಮ ತೆರೆದರು. ಮದ್ಯ ಮುಟ್ಟದ, ಹೆಚ್ಚಾಗಿ ಸಸ್ಯಾಹಾರವನ್ನೇ ನೆಚ್ಚುವ, ಶನಿವಾರವನ್ನು ಸಬ್ಬತ್ ಎಂದು ಆಚರಿಸುವ ಜನ. ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಲ್ಲಿರುವ ಲೌರಿ ಶಿಕ್ಷಣ ಸಂಸ್ಥೆ ಇದೇ ಪಂಥದ್ದು. 1989ರವರೆಗೆ ಈ ಪಂಥದ ಜಗತ್ತಿನ ಲೆಕ್ಕಪತ್ರವೆಲ್ಲ ಇಲ್ಲಿಂದ ನಡೆಯುತ್ತಿತ್ತು. ಊರಿನ ಪೂರ್ವದ ಅಂಚಿನಲ್ಲಿ ಯೂನಿವರ್ಸಿಟಿ ಬುಲೆವಾರ್ಡ್, ನ್ಯೂ ಹ್ಯಾಂಪ್‌ಶೈರ್ ಅವೆನ್ಯೂ ಕೂಡುವ ಕಡೆ ಈಗ ಸ್ಪ್ಯಾನಿಷ್ ಮಾತೇ ಹೆಚ್ಚು ಕಿವಿಗೆ ಬೀಳುತ್ತದೆ. ಉಡುಪಿಯ ಹೆಸರು ಹೊತ್ತ ಸಸ್ಯಾಹಾರಿ ಹೋಟೆಲೊಂದು ಬಹುಕಾಲ ದೋಸೆ ಹುಯ್ದದ್ದೂ ಆ ಕೂಡುರಸ್ತೆಯ ಬದಿಯಲ್ಲೇ.

2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 17,629. ಒಬ್ಬ ಮೇಯರ್, ಆರು ವಾರ್ಡು, ವಾರ್ಡಿಗೊಬ್ಬ ಕೌನ್ಸಿಲರ್. ಇದರ ಮೇಲಿರುವುದು ಮಾಂಟ್ಗೊಮೆರಿ ಕೌಂಟಿ. ಅಲ್ಲಿನ ಜನ ಹತ್ತು ಲಕ್ಷಕ್ಕೂ ಮಿಗಿಲು, ಅವರಿಗೂ ಒಂದು ಕೌನ್ಸಿಲ್. ನಮ್ಮ ಜಿಲ್ಲಾ ಪಂಚಾಯ್ತಿಗೆ ಶಾಲೆ, ಪೊಲೀಸು, ಭೂಬಳಕೆ, ತೆರಿಗೆ ಎಲ್ಲವನ್ನೂ ಕೊಟ್ಟರೆ ಹೇಗಿರುತ್ತದೋ ಹೆಚ್ಚುಕಮ್ಮಿ ಹಾಗೆ. ಕೌಂಟಿಯ ಬಹುಪಾಲು ಊರುಗಳಿಗೆ ಸ್ವಂತ ಪುರಸಭೆಯೇ ಇಲ್ಲ. ಪಕ್ಕದ ಸಿಲ್ವರ್ ಸ್ಪ್ರಿಂಗ್, ಗಗನಚುಂಬಿ ಕಟ್ಟಡಗಳಿದ್ದೂ, ಕಾನೂನಿನ ಕಣ್ಣಲ್ಲಿ ಊರೇ ಅಲ್ಲ. ಅಂಚೆ ವಿಳಾಸ, ಅಷ್ಟೆ.

ಆದ್ದರಿಂದ ಟಕೋಮಾ ಪಾರ್ಕಿನ ಕೌನ್ಸಿಲರ್ ತಮ್ಮ ವಾರ್ಡಿಗೆ ಊರ ಸುದ್ದಿ ಬರೆಯಲು ಕೂತರೆ ಅರ್ಧ ಪತ್ರ 'ಇದು ಯಾರ ಕೈಲಿದೆ' ಎಂದು ವಿವರಿಸುವುದರಲ್ಲೇ ಕಳೆಯುತ್ತದೆ. ಕ್ಯಾರಲ್ ಅವೆನ್ಯೂದ ಗುಂಡಿ ಮುಚ್ಚಬೇಕೇ? ಅದು ರಾಜ್ಯ ಹೆದ್ದಾರಿ. ನೀರಿನ ಪೈಪು ಒಡೆದಿದೆಯೇ? ಅದು ಎರಡು ಕೌಂಟಿಗಳಿಗೆ ಸೇರಿ 1918ರಲ್ಲಿ ಆದ ಜಲಮಂಡಳಿಯದು. ಕರೆಂಟು ಖಾಸಗಿ ಕಂಪನಿಯದು, ಶಾಲೆ ಕೌಂಟಿಯದು. ಯಾವ ಜಾಗದಲ್ಲಿ ಎಷ್ಟು ಮಹಡಿ ಕಟ್ಟಬಹುದು ಎಂಬುದೂ ಕೌಂಟಿಯದೇ. ಹಾಗಾದರೆ ಊರಿನದೇನು? ಕೌಂಟಿಯದಲ್ಲದ ಸ್ವಂತ ಪೊಲೀಸು, ಊರೇ ನಡೆಸುವ ಗ್ರಂಥಾಲಯ, ಕಸ, ಮತ್ತು ಶರತ್ಕಾಲದ ಎಲೆ. ನವೆಂಬರಿನಲ್ಲಿ ಜನ ಉದುರಿದ ಎಲೆಯನ್ನು ರಸ್ತೆಯಂಚಿಗೆ ಗುಡ್ಡೆ ಹಾಕುತ್ತಾರೆ. ದಪ್ಪ ಕೊಳವೆಯ ಲಾರಿ ಬಂದು ಹೀರಿಕೊಂಡು ಹೋಗುತ್ತದೆ. ಲಾರಿ ಯಾವ ಬೀದಿಗೆ ಯಾವತ್ತು ಬರುತ್ತದೆ ಎಂಬಷ್ಟು ಆಸಕ್ತಿಯಿಂದ ಇನ್ನಾವ ಸುದ್ದಿಯನ್ನೂ ಜನ ಓದುವುದಿಲ್ಲ ಎಂದು ನನ್ನ ಗುಮಾನಿ. ಮರವೂ ಊರಿನದೇ. ನಿಮ್ಮ ಅಂಗಳದ ಮರವಾದರೂ ಎದೆಮಟ್ಟದಲ್ಲಿ ಸುತ್ತಳತೆ 24 ಅಂಗುಲ ಮುಟ್ಟಿತೆಂದರೆ ಕಡಿಯಲು ಪರವಾನಗಿ ಬೇಕು.

ಕಲ್ಲಿನಿಂದಾಚೆಯ ಟಕೋಮಾ ಡಿ.ಸಿ.ಯ ಪಾಲಾಯಿತು. ಈಚೆಯದನ್ನು ಇನ್ನೊಂದು ಗೆರೆ ಸೀಳಿತ್ತು: ಒಂದು ಭಾಗ ಮಾಂಟ್ಗೊಮೆರಿ ಕೌಂಟಿಗೆ, ಇನ್ನೊಂದು ಪ್ರಿನ್ಸ್ ಜಾರ್ಜಸ್ ಕೌಂಟಿಗೆ. ಪುರಸಭೆ ಒಂದೇ, ಶಾಲೆ, ಕೋರ್ಟು, ತೆರಿಗೆ ಎರಡು. ಒಂದೇ ಮೇಯರನ್ನು ಆರಿಸಿದ ನೆರೆಹೊರೆಯವರ ಮಕ್ಕಳು ಬೇರೆ ಬೇರೆ ಬಸ್ಸು ಹತ್ತಿ ಬೇರೆ ಬೇರೆ ಕೌಂಟಿಯ ಶಾಲೆಗೆ ಹೋಗುತ್ತಿದ್ದರು. ದಶಕಗಳ ಗೊಣಗಾಟದ ನಂತರ 1995ರಲ್ಲಿ ಜನಮತ ಕೇಳಿದರು, ಒಂದಾಗೋಣ ಎಂದಿತು ಊರು. 1997ರ ಜುಲೈ 1ರಂದು ಇಡೀ ಟಕೋಮಾ ಪಾರ್ಕ್ ಮಾಂಟ್ಗೊಮೆರಿಗೆ ಸೇರಿತು. ಮನೆ ಬಿಟ್ಟು ಕದಲದೆ ಕೌಂಟಿ ಬದಲಿಸಿದವರು ಅಲ್ಲಿ ಇನ್ನೂ ಇದ್ದಾರೆ.

ಈ ಊರಿಗೆ ಜಗಳಗಂಟ ಎಂಬ ಹೆಸರು ಬಂದದ್ದು ಅದಕ್ಕೂ ಮೊದಲು. 1960ರ ದಶಕದಲ್ಲಿ ರಾಜಧಾನಿಯೊಳಕ್ಕೆ ದೊಡ್ಡ ಹೆದ್ದಾರಿಯನ್ನು ಊರ ನಡುವೆಯೇ ಹಾಯಿಸುವ ನಕ್ಷೆ ತಯಾರಾಗಿತ್ತು. ಸ್ಯಾಮಿ ಆಬಟ್ ಎಂಬ ವಾಣಿಜ್ಯ ಕಲಾವಿದ ಪೋಸ್ಟರು ಬರೆದ, ಸಭೆಗಳಿಗೆ ನುಗ್ಗಿದ, ಡಿ.ಸಿ.ಯ ಕಪ್ಪು ಜನರ ಬಡಾವಣೆಗಳೊಂದಿಗೆ ಕೈಜೋಡಿಸಿದ. ಹೆದ್ದಾರಿ ಬರಲಿಲ್ಲ, ಆ ದಿಕ್ಕಿಗೆ ಮೆಟ್ರೊ ಬಂತು. 1978ರಲ್ಲಿ ಟಕೋಮಾ ನಿಲ್ದಾಣ ತೆರೆದಾಗ ಅದು ಕಲ್ಲಿನಿಂದ ಆಚೆಗೆ, ಡಿ.ಸಿ.ಯ ನೆಲದಲ್ಲಿತ್ತು. 1980ರಲ್ಲಿ ಆಬಟ್‌ನನ್ನೇ ಜನ ಮೇಯರ್ ಮಾಡಿದರು. 1983ರಲ್ಲಿ ಊರು ತನ್ನನ್ನು ಅಣ್ವಸ್ತ್ರಮುಕ್ತ ವಲಯವೆಂದು ಸಾರಿಕೊಂಡಿತು. ನಗುವವರು ನಕ್ಕರು. ಆದರೆ ಅಣ್ವಸ್ತ್ರದ ಕೆಲಸ ಮಾಡುವ ಕಂಪನಿಗಳಿಂದ ಪುರಸಭೆ ಏನನ್ನೂ ಕೊಳ್ಳಕೂಡದೆಂಬ ನಿಯಮ ಅದರಲ್ಲಿತ್ತು. ಗ್ರಂಥಾಲಯಕ್ಕೆ ಕಂಪ್ಯೂಟರು ಕೊಳ್ಳಲೂ ಒಮ್ಮೆ ಕೌನ್ಸಿಲು ಕೂತು ವಿನಾಯಿತಿ ಕೊಡಬೇಕಾಯಿತು.

ನನಗೆ ಹೆಚ್ಚು ಮುಖ್ಯವೆನಿಸುವುದು ಮತದ ಸಂಗತಿ. 1991ರ ಜನಮತದಲ್ಲಿ ಕೂದಲೆಳೆಯಷ್ಟು ಅಂತರದಿಂದ ಗೆದ್ದು, 1992ರಲ್ಲಿ ಇಲ್ಲಿ ನಿಯಮವಾಯಿತು: ಊರಿನ ಚುನಾವಣೆಯಲ್ಲಿ ಮತ ಹಾಕಲು ಅಮೆರಿಕದ ಪೌರತ್ವ ಬೇಕಿಲ್ಲ, ಊರಲ್ಲಿ ವಾಸವಿದ್ದರೆ ಸಾಕು. ಗ್ರೀನ್ ಕಾರ್ಡಿಗಾಗಿ ಹತ್ತಾರು ವರ್ಷ ಸಾಲಿನಲ್ಲಿ ನಿಂತ ನಮ್ಮವರು ಆ ದೇಶದಲ್ಲಿ ಎಷ್ಟು ಮಂದಿ! ತೆರಿಗೆ ಕಟ್ಟುತ್ತಾರೆ, ಮನೆ ಕೊಳ್ಳುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಮತಗಟ್ಟೆಯ ಹೊರಗೇ ಉಳಿಯುತ್ತಾರೆ. ಅಂಥವರು ಈ ಆರು ವಾರ್ಡುಗಳೊಳಗೆ ಮನೆ ಹಿಡಿದರೆ ತಮ್ಮ ಕೌನ್ಸಿಲರನ್ನು ಆರಿಸಬಹುದು; ಗಡಿಯ ಆಚೆ ಬೀದಿಯಲ್ಲಿ, ಅದೇ ಕೌಂಟಿಯ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಮನೆ ಹಿಡಿದರೆ ಅಂಥ ಮತವಿಲ್ಲ. 2013ರಲ್ಲಿ ಇನ್ನೂ ಒಂದು ಹೆಜ್ಜೆ: ಹದಿನಾರು ತುಂಬಿದವರಿಗೂ ಮತ. ಆ ದೇಶದಲ್ಲಿ ಹಾಗೆ ಮಾಡಿದ ಮೊದಲ ಊರು ಇದು. ಆ ನವೆಂಬರಿನಲ್ಲಿ ಹೆಸರು ನೋಂದಾಯಿಸಿದ್ದ ಹದಿನಾರು-ಹದಿನೇಳರ ಹುಡುಗರಲ್ಲಿ ಶೇ. 40ಕ್ಕೂ ಹೆಚ್ಚು ಮಂದಿ ಬಂದು ಮತ ಹಾಕಿದರು. ಊರಿನ ಒಟ್ಟು ಲೆಕ್ಕ ಅದರ ಕಾಲುಭಾಗದಷ್ಟೂ ಹೋಗಿರಲಿಕ್ಕಿಲ್ಲ.

ಊರು ಮಾಡಿದ್ದನ್ನು ಕೌಂಟಿ ನಿಧಾನಕ್ಕೆ ಅನುಸರಿಸುವುದೂ ಉಂಟು. ಹುಲ್ಲುಹಾಸಿನ ಅಂದಕ್ಕಾಗಿ ಕೀಟನಾಶಕ ಹೊಡೆಯುವುದನ್ನು ಊರು 2013ರಲ್ಲಿ ತಡೆಯಿತು, ಕೌಂಟಿ 2015ರಲ್ಲಿ. ಕೌಂಟಿಯ ಕಾನೂನನ್ನು ಕೆಳಗಿನ ಕೋರ್ಟು ಹೊಡೆದುಹಾಕಿತು. 2019ರಲ್ಲಿ ಮೇಲಿನ ಕೋರ್ಟು ಮತ್ತೆ ಎತ್ತಿ ನಿಲ್ಲಿಸಿತು. ಕೀಟನಾಶಕದ ವಿಷದ ಬಗ್ಗೆ ಜಗತ್ತನ್ನೇ ಎಚ್ಚರಿಸಿದ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕವನ್ನು ರೇಚಲ್ ಕಾರ್ಸನ್ ಬರೆದದ್ದು ಇದೇ ಕೌಂಟಿಯ ಸಿಲ್ವರ್ ಸ್ಪ್ರಿಂಗ್‌ನ ಮನೆಯಲ್ಲಿ; ಅದು ಅಚ್ಚಾದದ್ದು 1962ರಲ್ಲಿ. ಐವತ್ತು ವರ್ಷ ಹಿಡಿಯಿತು ಹಿತ್ತಿಲಿಗೆ ತಲುಪಲು. ಬಾಡಿಗೆ ಏರಿಕೆಗೆ ಮಿತಿ ಹಾಕಿದ ಕಥೆ ಇನ್ನೂ ನಿಧಾನದ್ದು: ಊರಿನಲ್ಲಿ 1981, ಕೌಂಟಿಯಲ್ಲಿ 2023.

ಇಷ್ಟು ಗಂಭೀರ ಊರಿನ ನಡುಬೀದಿಯಲ್ಲಿ ಕಂಚಿನ ಹುಂಜವೊಂದು ನಿಂತಿದೆ. ಹೆಸರು ರಾಸ್ಕೊ. 1990ರ ದಶಕದಲ್ಲಿ ಯಾರ ಮನೆಯದೂ ಅಲ್ಲದೆ ಪೇಟೆಯಲ್ಲಿ ಅಲೆದುಕೊಂಡಿದ್ದ ಹುಂಜ. ನಸುಕಿಗೇ ಕೂಗುತ್ತದೆಂದು ಕೆಲವರ ದೂರು, ಇರಲಿ ಬಿಡಿ ಎಂದು ಉಳಿದವರು. 1999ರಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತು. ಈಗ ಜನ ಈ ಕಂಚಿನ ಹುಂಜದ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ.

ಅಡ್ವೆಂಟಿಸ್ಟರು ದಿಬ್ಬದಲ್ಲಿ ತೆರೆದ ಆರೋಗ್ಯಧಾಮ ಆಸ್ಪತ್ರೆಯಾಗಿ ಬೆಳೆದಿತ್ತು. 2019ರ ಆಗಸ್ಟಿನಲ್ಲಿ ಅದು ಆರೇಳು ಮೈಲಿ ಆಚೆ ವೈಟ್ ಓಕ್‌ನ ಹೊಸ ಕಟ್ಟಡಕ್ಕೆ ಹೋಯಿತು. ಆ ಜಾಗದಲ್ಲಿ ಏನು ಬರಬೇಕು, ಮನೆಗಳೇ, ಎಷ್ಟು ಎತ್ತರ, ಹಳ್ಳದ ಇಳಿಜಾರಿನ ಮರಗಳ ಗತಿಯೇನು ಎಂದು ಊರಿನಲ್ಲಿ ಸಭೆಯ ಮೇಲೆ ಸಭೆ. 2024ರಲ್ಲಿ ಆ ಭಾಗಕ್ಕೆ ತಿದ್ದುಪಡಿಯಾದ ಭೂಬಳಕೆ ಯೋಜನೆ ಬಂತು. ಒಪ್ಪಿಗೆ ಕೊಟ್ಟದ್ದು ಕೌಂಟಿ ಕೌನ್ಸಿಲ್. ಊರಿನ ಕೌನ್ಸಿಲು ಅಭಿಪ್ರಾಯ ಬರೆದು ಕಳಿಸಿತ್ತು.